ಯಾರ ಮನೆಗೆ ಹೋಗಬೇಕೆಂದು ಹೇಳುವವರು ಯಾರು?

2024ರ ಜುಲೈನಲ್ಲಿ ಪ್ರಧಾನಿ ಮೋದಿ ಮಾಸ್ಕೋಗೆ ಹೋದಾಗ ಅಮೆರಿಕ ತನ್ನ ಕಳವಳವನ್ನು ಬಹಿರಂಗವಾಗಿಯೇ ಹೇಳಿತು. ವಾಷಿಂಗ್ಟನ್‌ನಲ್ಲಿ ನೇಟೊ ಶೃಂಗಸಭೆ ಸೇರುವ ಹೊತ್ತದು. ಮಿತ್ರರ ಇಂಥ ಒತ್ತಡ ಗದಗ ಸೀಮೆಗೆ ಹೊಸದಲ್ಲ.

1780ರಲ್ಲಿ ಇಂಗ್ಲಿಷರ ವಿರುದ್ಧ ಪುಣೆಯ ಮರಾಠಾ ಪೇಶ್ವೆ ಸರ್ಕಾರ ಮತ್ತು ಮೈಸೂರಿನ ಹೈದರ್ ಅಲಿ ಕೈಜೋಡಿಸಿದ್ದರು. 1782ರ ಸಾಲಬಾಯಿ ಒಪ್ಪಂದದಲ್ಲಿ ಪುಣೆ ಇಂಗ್ಲಿಷರೊಡನೆ ರಾಜಿಯಾಯಿತು. ಪುಣೆ-ಮೈಸೂರು ಮೈತ್ರಿಯ ಆ ಬಿರುಕು ಬಂದು ಬಿದ್ದದ್ದು ಗದಗ ಸೀಮೆಯ ನರಗುಂದದ ಮೇಲೆ. ಹೈದರನ ಮಗ ಟಿಪ್ಪು ಹೆಚ್ಚಿನ ಕಪ್ಪ ಕೇಳಿದ. ನರಗುಂದದ ದೇಸಾಯಿ ವೆಂಕಟರಾವ್ ಭಾವೆ ನೆರವಿಗಾಗಿ ಪುಣೆಯತ್ತ ನೋಡಿದ. 1785ರಲ್ಲಿ ಕೋಟೆ ಬಿತ್ತು. ದೇಸಾಯಿಯನ್ನು ಕಬ್ಬಾಳದುರ್ಗದ ಸೆರೆಗೆ ತಳ್ಳಲಾಯಿತು. 1787ರಲ್ಲಿ ಗಜೇಂದ್ರಗಡದಲ್ಲಿ ಸಂಧಿಯಾಗಿ ನರಗುಂದ ಮರಾಠರಿಗೆ ಮರಳಿತು. ನಡುವೆ ನೊಂದವರು ರೋಣ, ನರಗುಂದದ ಎರೆ ಹೊಲಗಳ ರೈತರು.

ಪುಣೆಯ ಗತಿಯೂ ಅಷ್ಟೇ. 1802ರ ಬಸೀನ್ ಒಪ್ಪಂದದ ನಂತರ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯನ್ನು ಕೇಳದೆ ಪೇಶ್ವೆ ಬೇರೆ ರಾಜರೊಡನೆ ಮಾತುಕತೆ ನಡೆಸುವಂತಿರಲಿಲ್ಲ. ಹದಿನಾರೇ ವರ್ಷಗಳಲ್ಲಿ ಪೇಶ್ವೆಗಿರಿಯೇ ಮುಗಿಯಿತು.

ರಷ್ಯಾದ ಯುದ್ಧದಿಂದ ಉಕ್ರೇನ್ ಜನರಿಗಾದ ಸಂಕಟ ನಿಜ, ಅದನ್ನು ಮಾಸ್ಕೋದಲ್ಲೇ ಮುಖಕ್ಕೆ ಮುಖ ಕೊಟ್ಟು ಹೇಳಬೇಕು. ಆದರೆ ಭೇಟಿಗೆ ವಾಷಿಂಗ್ಟನ್‌ನ ಅಪ್ಪಣೆ ಪಡೆಯುವ ಪದ್ಧತಿಯನ್ನು ದೆಹಲಿ ಎಂದಿಗೂ ಒಪ್ಪಕೂಡದು.