ಬಂಡೆಗಳ ನಾಡಿನಲ್ಲಿ ಕಾಗದದ ಬಂಡೆ

ಹೊಸಪೇಟೆಯಿಂದ ಕಮಲಾಪುರದ ಕಡೆಗೆ ಹೊರಟರೆ ಇಕ್ಕೆಲಗಳಲ್ಲಿಯೂ ಬಂಡೆಗಳೇ. ಒಂದರ ಮೇಲೊಂದು ಯಾರೋ ಎತ್ತಿಟ್ಟಂತೆ, ಈಗಲೋ ಆಗಲೋ ಉರುಳಿಬಿಡುವಂತೆ ನಿಂತಿವೆ. ಇಂತಹ ನಾಡಿನ ಧರ್ಮಕೇಂದ್ರಗಳಲ್ಲಿ ಡಿಸೆಂಬರ್ ಬಂತೆಂದರೆ ನಾವು ಮಾಡುವುದೇನು? ಅಂಗಡಿಯಿಂದ ಕಂದು ಕಾಗದ ತಂದು, ಮುದುರಿ, ಬಣ್ಣ ಎರಚಿ, ಗೋದಲಿಗೆ ‘ಬಂಡೆ’ ತಯಾರಿಸುತ್ತೇವೆ. ಅದರ ಮೇಲೆ ಹತ್ತಿಯ ಹಿಮ! ಲೂರ್ದುಮಾತೆಗೆ ಗವಿ ಬೇಕಾದರೆ ಸಿಮೆಂಟು ಕಲಸಿ ಕಲ್ಲಿನ ಆಕಾರ ಕೊಡುತ್ತೇವೆ. ಆವರಣದ ಗೋಡೆಯಾಚೆ ನಿಜವಾದ ಬಂಡೆ ಬಿಸಿಲು ಕಾಯುತ್ತ ಕುಳಿತಿರುತ್ತದೆ.

ಇದು ಅಲಂಕಾರ ಸಮಿತಿಯ ಅಭಿರುಚಿಯ ಪ್ರಶ್ನೆಯಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಅದರ ಹಿಂದೆ ಒಂದು ನಂಬಿಕೆ ಅಡಗಿದೆ: ದೇವರು ಬೇರೆಲ್ಲೋ ಇದ್ದಾರೆ, ಇಲ್ಲಿ ಇಲ್ಲ. ಅಣೆಕಟ್ಟು, ಗಣಿ, ಕಾರ್ಖಾನೆ, ಶಾಲೆಗಳ ಉದ್ಯೋಗವನ್ನು ಅರಸಿ ಕರಾವಳಿಯಿಂದಲೂ ಕೇರಳ, ಆಂಧ್ರಗಳಿಂದಲೂ ಬಂದು ನೆಲೆಸಿದ ಕುಟುಂಬಗಳು ಈ ಸೀಮೆಯಲ್ಲಿ ಹಲವು. “ಇಲ್ಲಿ ಏನಿದೆ ಫಾದರ್? ಬರೀ ಕಲ್ಲು, ಧೂಳು, ಬಿಸಿಲು. ಊರಿಗೆ ಹೋದರೇನೇ ಪ್ರಾರ್ಥನೆಗೆ ಮನಸ್ಸು ಬರುವುದು” ಎಂಬ ಮಾತನ್ನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ತೆಂಗಿನ ತೋಟದ, ಮಳೆಯ ಸದ್ದಿನ ನೆನಪು ಸಹಜವಾದುದು. ಅದನ್ನು ಯಾರೂ ಹಳಿಯಬೇಕಾಗಿಲ್ಲ. ಆದರೆ ಇಪ್ಪತ್ತು ವರ್ಷ ಈ ನೆಲದ ಅನ್ನ ಉಂಡ ಮೇಲೂ ಇದನ್ನು ಬರಡೆಂದೇ ಕರೆಯುವುದು ಭಕ್ತಿಯಲ್ಲ, ಸೋಮಾರಿತನ.

ಶ್ರೀಗ್ರಂಥದ ನಾಡನ್ನು ಸ್ವಲ್ಪ ನೆನೆಯಿರಿ. ಯೂದಾಯದ ಗುಡ್ಡಗಳು ಮಂಗಳೂರಿಗಿಂತ ಸಂಡೂರು, ಹಂಪೆಗಳಿಗೇ ಹತ್ತಿರದ ನೆಂಟರು. ಸ್ನಾನಿಕ ಯೊವಾನ್ನರು ಬೋಧಿಸಿದ್ದು ಮರುಭೂಮಿಯಲ್ಲಿ. ಪ್ರಭು ಯೇಸು ನಲವತ್ತು ದಿನ ಉಪವಾಸವಿದ್ದುದೂ ಅಲ್ಲಿಯೇ. ಮನೆ ಬಿಟ್ಟು ಓಡಿಹೋಗುತ್ತಿದ್ದ ಯಕೋಬನಂತೂ ಹೆಸರೂ ಅರಿಯದ ಬಯಲಿನಲ್ಲಿ ಒಂದು ಕಲ್ಲನ್ನು ತಲೆದಿಂಬಾಗಿಸಿಕೊಂಡು ಮಲಗಿದ. ಬೆಳಗಾದಾಗ ಆ ಅಪರಿಚಿತ ಸ್ಥಳವೇ ಅವನಿಗೆ ಬೇತೇಲ್ ಆಗಿತ್ತು. ಅವನು ನೆಟ್ಟು ಎಣ್ಣೆ ಸುರಿದ ಕಲ್ಲು ಅಲ್ಲಿಯದೇ, ಊರಿನಿಂದ ಹೊತ್ತು ತಂದದ್ದಲ್ಲ.

ನೆಲದೊಡನೆ ನಂಟು ಭಾವೋದ್ರೇಕದಿಂದ ಹುಟ್ಟುವುದಿಲ್ಲ, ಅದನ್ನು ಕಲಿಯಬೇಕಾಗುತ್ತದೆ. ಹಂಪೆಯ ಗ್ರಾನೈಟು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದು. ಬಂಡೆಗಳನ್ನು ಯಾರೂ ಪೇರಿಸಿದ್ದಲ್ಲ. ನೆಲದಡಿಯಲ್ಲಿದ್ದಾಗಲೇ ಬಿರುಕುಗಳಲ್ಲಿ ನೀರಿಳಿದು ಅಂಚುಗಳು ಸವೆದು ದುಂಡಾದವು. ಮೇಲಿನ ಮಣ್ಣು ಕೊಚ್ಚಿಹೋದಾಗ ಇದ್ದಲ್ಲಿಯೇ ಬಯಲಾದವು. ಸಂಡೂರಿನ ಬೆಟ್ಟಗಳ ಕಬ್ಬಿಣದ ಪದರಗಳು ಅತಿ ಪ್ರಾಚೀನವಾದೊಂದು ಸಮುದ್ರದ ತಳದಲ್ಲಿ ಕೂಡಿಕೊಂಡವು. ಕಡಲಿಲ್ಲವೆಂದು ಕೊರಗುವ ನಮ್ಮ ಕರಾವಳಿಯ ಬಂಧುಗಳು ನಿಂತಿರುವುದೇ ಒಂದು ಕಡಲಿನ ಮೇಲೆ! ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಒಂದಾಗಿ ಹರಿದು ಬರುವ ನೀರು ಸಹ ಪಶ್ಚಿಮ ಘಟ್ಟದ ಮಳೆಯೇ. ವಿಜಯನಗರದ ಕಾಲದ ತುರ್ತಾ ಕಾಲುವೆ ಇಂದಿಗೂ ಗದ್ದೆಗೆ ನೀರುಣಿಸುತ್ತಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ಕಂಪ್ಲಿಯ ಭತ್ತದ ರೈತನಿಗೆ ನದಿಯೆಂದರೇನೆಂದು ಯಾವ ಪ್ರಬೋಧನೆಯೂ ಕಲಿಸಬೇಕಾಗಿರಲಿಲ್ಲ. 104ನೆಯ ಕೀರ್ತನೆ ಬಂಡೆಗಳನ್ನು ಕಾಡುಜೀವಿಗಳ ಆಶ್ರಯವೆಂದು ಕೊಂಡಾಡುತ್ತದೆ. ದರೋಜಿಯಲ್ಲಿ 1994ರಿಂದ ಕರಡಿಧಾಮವಿದೆ. ಹಗಲೆಲ್ಲ ಗವಿಯಲ್ಲಿದ್ದು ಸಂಜೆ ಬಂಡೆಯಿಳಿದು ಬರುವ ಕರಡಿಯನ್ನು ಒಮ್ಮೆ ಕಂಡವರಿಗೆ ಆ ಕೀರ್ತನೆಗೆ ವ್ಯಾಖ್ಯಾನ ಬೇಡ. ನಮ್ಮ ಗುರುವಿದ್ಯಾಮಂದಿರಗಳು ದೇವರ ಅಸ್ತಿತ್ವಕ್ಕೆ ಸಂತ ತೋಮಸ್ ಅಕ್ವಿನಾಸರ ಐದು ವಾದಗಳನ್ನು ಕಲಿಸುತ್ತವೆ, ಒಳ್ಳೆಯದೇ. ಕಿಟಕಿಯಾಚೆಯ ಮರದ ಹೆಸರನ್ನು ಯಾವ ತರಗತಿಯಲ್ಲಿ ಕಲಿಸುತ್ತಾರೋ ತಿಳಿಯದು.

“ಇದು ಪ್ರಕೃತಿ ಆರಾಧನೆಯಲ್ಲವೇ?” ಎಂದು ಹುಬ್ಬೇರಿಸುವವರಿದ್ದಾರೆ. ಅವರು ಅಸ್ಸಿಸಿಯ ಸಂತ ಫ್ರಾನ್ಸಿಸರನ್ನು ಓದಲಿ. 1949ರಲ್ಲಿ ಸ್ಥಾಪನೆಯಾದ ಬಳ್ಳಾರಿ ಧರ್ಮಕ್ಷೇತ್ರದ ಮೊದಲ ಧರ್ಮಾಧ್ಯಕ್ಷರು ಆ ಸಂತರ ಸಭೆಯವರೇ ಆಗಿದ್ದರು. ಪೋಪ್ ಫ್ರಾನ್ಸಿಸರು 2015ರ ತಮ್ಮ ಪರಿಪತ್ರಕ್ಕೆ ಹೆಸರು ಆರಿಸಿಕೊಂಡದ್ದೂ ಆ ಸಂತರ ಸ್ತುತಿಗೀತೆಯಿಂದಲೇ. ಸೃಷ್ಟಿಯನ್ನು ಪೂಜಿಸುವುದು ಬೇರೆ, ಸೃಷ್ಟಿಕರ್ತರ ಕೈಬರಹವನ್ನು ಓದುವುದು ಬೇರೆ. ಇನ್ನೊಂದು ತುದಿಯಲ್ಲಿ, ಬೆಟ್ಟದ ಮೇಲೆ ಸೂರ್ಯಾಸ್ತದ ಫೋಟೋ ತೆಗೆಸಿಕೊಂಡು, ‘ಎನರ್ಜಿ’ ದೊರೆಯಿತೆಂದು ಹೇಳಿ, ನೀರಿನ ಬಾಟಲಿಯನ್ನು ಅಲ್ಲಿಯೇ ಎಸೆದು ಬರುವವರ ಆಧ್ಯಾತ್ಮಿಕತೆಯಿದೆ. ಅದೂ ನಮಗೆ ಬೇಡ. ವಿರೂಪಾಕ್ಷನ ಸನ್ನಿಧಿಯಲ್ಲಿ ಇಂದಿಗೂ ಪೂಜೆ ನಡೆಯುತ್ತಿದೆ. ನೆರೆಯವರ ಪುಣ್ಯಭೂಮಿಯಲ್ಲಿ ನಾವು ನಡೆಯುವಾಗ ಮೌನವಿರಲಿ, ಮರ್ಯಾದೆಯಿರಲಿ.

ಇಷ್ಟನ್ನು ಹೇಳಲು ಕಾರಣವಿದೆ, ಅದು ಸಂಡೂರು. ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವೇ ನಿಲ್ಲಿಸಬೇಕಾಯಿತು. ಮುಂದೆ ಮಿತಿಗಳನ್ನು ವಿಧಿಸಿ ಮತ್ತೆ ಅವಕಾಶ ಕೊಡಲಾಯಿತು. ದೇವದಾರಿ ಬೆಟ್ಟದ ಅರಣ್ಯದಲ್ಲಿ ಹೊಸ ಗಣಿಯ ಪ್ರಸ್ತಾಪ ಎದ್ದಾಗ ಉರುಳಬೇಕಾಗಿದ್ದ ಮರಗಳ ಲೆಕ್ಕ ಸುಮಾರು 99 ಸಾವಿರ. ನಮ್ಮ ಎಷ್ಟೋ ಮನೆಗಳ ಒಲೆ ಗಣಿಯ ಸಂಬಳದಿಂದ ಉರಿಯುತ್ತದೆ. ಕಾಣಿಕೆ ಡಬ್ಬಿಗೂ ಅದೇ ಹಣ ಬೀಳುತ್ತದೆ. ಆದುದರಿಂದ ಗಣಿಯ ಕೆಲಸಗಾರನತ್ತ ಬೆರಳು ತೋರಿಸುವ ಹಕ್ಕು ಯಾವ ಬೋಧಕನಿಗೂ ಇಲ್ಲ. ಆದರೆ ಎಷ್ಟು ಅಗೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಚರ್ಚೆ ಊರಿನಲ್ಲಿ ನಡೆಯುವಾಗ ಕ್ರೈಸ್ತರ ದನಿ ಏಕೆ ಕೇಳಿಸುವುದಿಲ್ಲ? “ಇಲ್ಲಿ ಏನೂ ಇಲ್ಲ” ಎಂದು ಮೊದಲೇ ಹೇಳಿಬಿಟ್ಟವರಿಗೆ ಕಾಪಾಡಲು ಏನು ತಾನೆ ಉಳಿದೀತು?

ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗೆ ಧರ್ಮಸಭೆಯಲ್ಲಿ ಸೃಷ್ಟಿಯ ಕಾಲವನ್ನು ಆಚರಿಸಲಾಗುತ್ತದೆ. ಮಳೆಯುಂಡ ಸಂಡೂರು ಹಸಿರಾಗಿರುವುದೂ ಆಗಲೇ. 1934ರಲ್ಲಿ ಇಲ್ಲಿಗೆ ಬಂದಿದ್ದ ಗಾಂಧೀಜಿಯವರು ಸೆಪ್ಟೆಂಬರಿನ ಸಂಡೂರನ್ನು ನೋಡಬೇಕೆಂದು ಹೇಳಿದರೆಂಬ ಮಾತು ಊರವರ ಬಾಯಲ್ಲಿದೆ. ವೇಳಾಂಗಣ್ಣಿಯ ಹಬ್ಬಕ್ಕೆ ಬಸ್ಸು ಹೊರಡಿಸುವ ಧರ್ಮಕೇಂದ್ರಗಳು ಅದೇ ತಿಂಗಳ ಒಂದು ಭಾನುವಾರ ಧರ್ಮೋಪದೇಶದ ಮಕ್ಕಳನ್ನು ಈ ಬೆಟ್ಟಗಳಿಗೆ ಕರೆದೊಯ್ಯಲಿ; ಊರಿನ ಕುರಿಗಾಹಿ ಅಜ್ಜನೊಬ್ಬನನ್ನು ಜೊತೆಗಿಟ್ಟುಕೊಂಡು, ಅವನು ಹೇಳುವ ಗಿಡಗಳ ಹೆಸರುಗಳನ್ನು ಬರೆದುಕೊಂಡು ಬರಲಿ. ಡಿಸೆಂಬರಿನಲ್ಲಿ ಕಂದು ಕಾಗದ ಬೇಡ. ಆವರಣದಲ್ಲಿ ಬಿದ್ದಿರುವ ಕಲ್ಲುಗಳಿಂದಲೇ ಗೋದಲಿ ಕಟ್ಟಿ, ಮೂರು ರಾಯರ ಹಬ್ಬ ಮುಗಿದ ಮೇಲೆ ಅವನ್ನು ಮತ್ತೆ ಇದ್ದಲ್ಲಿಯೇ ಇಟ್ಟರಾಯಿತು.