ಉಕ್ರೇನ್ ಯುದ್ಧ ನಿಲ್ಲಿಸಲು ಭಾರತ ಮುಂದೆ ಬರಲಿ: ಗ್ರಾಮಸಭೆಯಲ್ಲಿ ಠರಾವು ಮಾಡೋಣ!

ಚಾಮರಾಜನಗರ, ಗುಂಡ್ಲುಪೇಟೆಯ ಅಣ್ಣಂದಿರೇ, ತಾಯಂದಿರೇ, ಓದುವ ಮಕ್ಕಳೇ,

ಬೇಗೂರು, ಹಂಗಳದ ಹೊಲಗಳ ಸೂರ್ಯಕಾಂತಿಗೆ ಸಿಗುವ ಬೆಲೆಯಲ್ಲಿ ಕಪ್ಪು ಸಮುದ್ರದ ಯುದ್ಧದ ಕೈಯೂ ಇದೆ. ಯುದ್ಧಕ್ಕೆ ಮೊದಲು ನಮ್ಮ ದೇಶಕ್ಕೆ ಬರುತ್ತಿದ್ದ ಸೂರ್ಯಕಾಂತಿ ಎಣ್ಣೆಯಲ್ಲಿ ಬಹುಪಾಲು ಉಕ್ರೇನಿನದು. 2022ರ ಫೆಬ್ರವರಿ 24ರಂದು ರಷ್ಯಾ ದಾಳಿ ಮಾಡಿತು. ಹಡಗುಗಳು ನಿಂತವು, ಎಣ್ಣೆ ಪ್ಯಾಕೆಟ್ ಬಡವರ ಕೈಗೆ ಎಟುಕದಾಯಿತು. ಬೆಲೆ ಇಳಿಸಲೆಂದು ಕೇಂದ್ರ ಸರ್ಕಾರ ವರ್ಷಕ್ಕೆ 20 ಲಕ್ಷ ಟನ್ ಕಚ್ಚಾ ಸೂರ್ಯಕಾಂತಿ ಎಣ್ಣೆಯ ಆಮದು ಸುಂಕ ತೆಗೆಯಿತು. ಮರುವರ್ಷ ಹೊರಗಿನ ಅಗ್ಗದ ಎಣ್ಣೆ ಬಂದು ಸುರಿದಾಗ ಪೆಟ್ಟು ತಿಂದವನು ಬೆಳೆಗಾರ. ಬಾಳೆಗೂ ಅರಿಸಿನಕ್ಕೂ ಹಾಕುವ ಪೊಟ್ಯಾಷ್‌ನಲ್ಲೂ ಒಂದು ಪಾಲು ರಷ್ಯಾ, ಬೆಲಾರಸ್ ಕಡೆಯಿಂದ ಬರುವಂಥದ್ದೇ.

ದುಡ್ಡು ಹೋದರೆ ದುಡಿದುಕೊಳ್ಳಬಹುದು, ಹೋದ ಜೀವ ಮರಳದು. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ದಿನಸಿ ತರಲು ಹೋದ ಹಾವೇರಿ ಜಿಲ್ಲೆ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದ. ಹೆತ್ತವರು ಮಗನ ಮುಖ ನೋಡಲು ಸುಮಾರು ಮೂರು ವಾರ ಕಾಯಬೇಕಾಯಿತು. ಸೆಕ್ಯೂರಿಟಿ ಕೆಲಸವೆಂದು ನಂಬಿಸಿ ಕಲಬುರಗಿಯ ಹುಡುಗರನ್ನು ಏಜೆಂಟರು ರಷ್ಯಾ ಸೇನೆಗೆ ತಳ್ಳಿದರು. ಅವರು ಮನೆ ಸೇರಿದ್ದು 2024ರ ಸೆಪ್ಟೆಂಬರಿನಲ್ಲಿ. ಹೀಗೆ ಹೋದ ಭಾರತೀಯರಲ್ಲಿ 12 ಜನ ಸತ್ತಿದ್ದಾರೆ, 16 ಜನರ ಸುಳಿವಿಲ್ಲ ಎಂದು 2025ರ ಜನವರಿಯಲ್ಲಿ ವಿದೇಶಾಂಗ ಸಚಿವಾಲಯವೇ ಹೇಳಿತು.

ನಮ್ಮ ಸರ್ಕಾರ ಮಾಡಿದ್ದೇನು? 2022ರ ಮಾರ್ಚ್ 2ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 141 ದೇಶಗಳು ದಾಳಿಯನ್ನು ಖಂಡಿಸಿದಾಗ ಭಾರತ ಮತ ಹಾಕಲಿಲ್ಲ. ಸಾವಿರಾರು ವಿದ್ಯಾರ್ಥಿಗಳು ಅಲ್ಲಿ ಸಿಕ್ಕಿಕೊಂಡಿದ್ದ ದಿನಗಳವು, ರಷ್ಯಾ, ಉಕ್ರೇನ್ ಎರಡರೊಂದಿಗೂ ಮಾತು ಉಳಿಸಿಕೊಳ್ಳಬೇಕಿತ್ತು, ಒಪ್ಪೋಣ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇದು ಯುದ್ಧದ ಕಾಲವಲ್ಲವೆಂದು ಪ್ರಧಾನಿ ಪುಟಿನ್ ಎದುರೇ ಹೇಳಿದರು. 2024ರಲ್ಲಿ ಮಾಸ್ಕೋಗೂ ಕೀವ್‌ಗೂ ಹೋಗಿಬಂದರು. ಆದರೆ ಉಳಿಸಿಕೊಂಡ ಆ ಸ್ನೇಹವನ್ನು ಯುದ್ಧ ನಿಲ್ಲಿಸುವ ಕೆಲಸಕ್ಕೆ ಹಚ್ಚಿದ್ದು ಸಾಲದು. ಧಾನ್ಯದ ಹಡಗುಗಳಿಗೆ ದಾರಿ ಬಿಡಿಸುವ ಒಪ್ಪಂದ ಮಾಡಿಸಿದ್ದು ಟರ್ಕಿ ಮತ್ತು ವಿಶ್ವಸಂಸ್ಥೆ. 2023ರ ಜುಲೈನಲ್ಲಿ ಅದು ಮುರಿದುಬಿದ್ದಾಗ ಮತ್ತೆ ಕೂರಿಸಿ ಮಾತಾಡಿಸಲು ನಾವು ಮುಂದಾಗಬಹುದಿತ್ತು.

ನಮ್ಮಿಂದ ಆಗದ ಕೆಲಸವೇನಲ್ಲ. ಕೊರಿಯಾ ಯುದ್ಧದಲ್ಲಿ, ತಮ್ಮ ದೇಶಕ್ಕೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಕೈದಿಗಳ ಪ್ರಶ್ನೆಯೇ ಕದನವಿರಾಮಕ್ಕೆ ದೊಡ್ಡ ತೊಡಕಾಗಿತ್ತು. 1953ರಲ್ಲಿ ಆ ಗಂಟು ಬಿಡಿಸಲು ಕೂತ ಐದು ದೇಶಗಳ ಆಯೋಗದ ಅಧ್ಯಕ್ಷರು ನಮ್ಮ ಕೊಡಗಿನ ತಿಮ್ಮಯ್ಯನವರು. ಕೈದಿಗಳನ್ನು ಕಾದವರು ಭಾರತದ ಸೈನಿಕರು. ಎರಡೂ ಕಡೆಯಿಂದ ಬೈಗುಳ ತಿಂದರು, ಕೆಲಸ ಮುಗಿಸಿಕೊಂಡೇ ಬಂದರು. ಸ್ವಾತಂತ್ರ್ಯ ಬಂದು ಆಗಿನ್ನೂ ಆರೇ ವರ್ಷ.

ಆದ್ದರಿಂದ ಮುಂದಿನ ಗ್ರಾಮಸಭೆಗೆ ತಪ್ಪದೆ ಬನ್ನಿ. ಕೈದಿಗಳ ವಿನಿಮಯಕ್ಕೆ, ಹಡಗಿನ ದಾರಿಗೆ, ಕದನವಿರಾಮಕ್ಕೆ ಭಾರತ ಮಧ್ಯಸ್ಥಿಕೆ ವಹಿಸಲಿ. ರಷ್ಯಾ ಸೇನೆಯಲ್ಲಿರುವ ಪ್ರತಿಯೊಬ್ಬ ಭಾರತೀಯನನ್ನೂ ವಾಪಸ್ ಕರೆಸಲಿ ಎಂದು ಠರಾವು ಬರೆಸಿ. ಪಿಡಿಒ ಅವರಿಂದ ಅದರ ನಕಲು ಪಡೆದು ನಮ್ಮ ಸಂಸದರಿಗೆ ಕಳಿಸಿ, ಲೋಕಸಭೆಯಲ್ಲಿ ಕೇಳಿ ಎಂದು ಒತ್ತಾಯಿಸಿ. ವಿದೇಶದ ಕೆಲಸವೆಂದು ಯಾರಾದರೂ ಊರಿಗೆ ಬಂದರೆ, ಆ ಏಜೆಂಟ್ ಸರ್ಕಾರದಲ್ಲಿ ನೋಂದಾಯಿಸಿದವನೇ ಎಂದು ತಿಳಿಯುವವರೆಗೆ ಪಾಸ್‌ಪೋರ್ಟ್ ಕೊಡಬೇಡಿ.

ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ ಸಹಿ ಸಂಗ್ರಹ ನಡೆಯುತ್ತಿದೆ. ನೀವೂ ಸಹಿ ಹಾಕಿ, ಮನೆಯವರಿಂದಲೂ ಹಾಕಿಸಿ.