ಮರವಿಲ್ಲದ ನೆಲದ ಮರವಿಜ್ಞಾನಿ

ಮರದ ವಿಜ್ಞಾನಿ ಎಂದೊಡನೆ ದಟ್ಟವಾದ ಕಾಡಿನಲ್ಲಿ ಸಂಚರಿಸುತ್ತ ತೇಗ, ಹೊನ್ನೆ, ಮತ್ತಿಗಳ ಗುಣವನ್ನು ಪರೀಕ್ಷಿಸುವ ವ್ಯಕ್ತಿಯೊಬ್ಬನ ಚಿತ್ರ ಮನಸ್ಸಿನಲ್ಲಿ ಮೂಡುತ್ತದೆ. ಇದು ಮಲೆನಾಡಿನ ಮಕ್ಕಳಿಗೆ ಮಾತ್ರ ಒಪ್ಪುವ ವೃತ್ತಿ ಎಂಬ ಭಾವನೆಯೂ ಅದರೊಡನೆಯೇ ಹುಟ್ಟುತ್ತದೆ. ಈ ಭಾವನೆ ಸರಿಯಲ್ಲ. ಕಾಡು ತುಂಬಿದ ನೆಲಕ್ಕಿಂತ ಕಾಡು ವಿರಳವಾದ ನೆಲಕ್ಕೇ ಈ ವಿಜ್ಞಾನಿಯ ಅಗತ್ಯ ಹೆಚ್ಚು.

ಕಲಬುರಗಿ ನಗರದ ಅಂಚಿನಲ್ಲಿರುವ ಕುಸನೂರನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಈ ಸೀಮೆಯದು ಕಪ್ಪು ಎರೆನೆಲ. ಇಲ್ಲಿನ ಮುಖ್ಯ ಬೆಳೆ ತೊಗರಿ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆಯಿತು. ರಾಶಿಯಾದ ಮೇಲೆ ಕಾಳು ಮಾರುಕಟ್ಟೆಗೆ ಹೋಗುತ್ತದೆ, ಹೊಟ್ಟು ದನಗಳಿಗೆ ಮೇವಾಗುತ್ತದೆ. ಕೊನೆಗೆ ಉಳಿಯುವುದು ತೊಗರಿ ಕಟ್ಟಿಗೆ. ಅದರಲ್ಲಿ ಕೆಲವು ಹೊರೆ ಒಲೆಗೆ, ಕೆಲವು ಬೇಲಿಗೆ. ಮಿಕ್ಕದ್ದು ಎಷ್ಟೋ ಕಡೆ ಹೊಲದಲ್ಲಿಯೇ ಬೂದಿಯಾಗುತ್ತದೆ. ಕೆಂಪು ಬಾಳೆಗೆ ಹೆಸರಾದ ಕಮಲಾಪುರದಲ್ಲಿಯೂ ಸ್ಥಿತಿ ಇದೇ. ಬಾಳೆ ಒಮ್ಮೆ ಗೊನೆ ಕೊಟ್ಟರೆ ಅದರ ದಿಂಡಿನ ಆಯುಷ್ಯ ಮುಗಿಯಿತು. ಕಡಿದು ಬದುವಿಗೆ ಹಾಕುವುದೇ ವಾಡಿಕೆ.

ರೈತನ ಕಣ್ಣಿಗೆ ಇವೆಲ್ಲ ಉಳಿಕೆ. ವಿಜ್ಞಾನಿಯ ಕಣ್ಣಿಗೆ ಮರದ ಬಂಧುಗಳು. ತೇಗದ ತೊಲೆಯಲ್ಲಿರುವ ಸೆಲ್ಯುಲೋಸ್ ಎಂಬ ನಾರು, ಅದನ್ನು ಬೆಸೆದು ನಿಲ್ಲಿಸುವ ಲಿಗ್ನಿನ್ ಎಂಬ ದ್ರವ್ಯ, ಇವೆರಡೂ ತೊಗರಿ ಕಟ್ಟಿಗೆಯಲ್ಲಿಯೂ ಇವೆ. ಕಟ್ಟಿಗೆಯನ್ನು ಚೂರುಮಾಡಿ, ಒಣಗಿಸಿ, ಅಂಟು ಬೆರೆಸಿ, ಬಿಸಿಯಾದ ಯಂತ್ರದಲ್ಲಿ ಒತ್ತಿದರೆ ಹಲಗೆಯಾಗುತ್ತದೆ. ತೊಲೆ ಕೊಯ್ಯಲು ದೊಡ್ಡ ಮರವೇ ಬೇಕು. ಇಂತಹ ಹಲಗೆಗೆ ಬೆರಳುಗಾತ್ರದ ಕಟ್ಟಿಗೆಯೂ ಸಾಕು.

ಈ ವಿದ್ಯೆಯ ಇತಿಹಾಸದಲ್ಲಿ ಒಂದು ಸ್ವಾರಸ್ಯಕರ ಘಟನೆಯುಂಟು. ಅಮೆರಿಕದ ವಿಲಿಯಂ ಮೇಸನ್ ಮರದ ಕಾರ್ಖಾನೆಗಳಲ್ಲಿ ವ್ಯರ್ಥವಾಗುತ್ತಿದ್ದ ಚಕ್ಕೆಗಳಿಗೆ ಉಪಯೋಗ ಹುಡುಕುತ್ತಿದ್ದನು. 1924ರಲ್ಲಿ ಒಂದು ದಿನ ಅವನು ಒದ್ದೆ ನಾರನ್ನು ಯಂತ್ರದಲ್ಲಿಯೇ ಬಿಟ್ಟು ಊಟಕ್ಕೆ ಹೋದನೆಂದೂ, ಕವಾಟ ಕೆಟ್ಟಿದ್ದರಿಂದ ಬಿಸಿ ಉಗಿ ನಿಲ್ಲದೆ ಒಳನುಗ್ಗುತ್ತಲೇ ಇತ್ತೆಂದೂ ಹೇಳುತ್ತಾರೆ. ಮರಳಿ ಬಂದಾಗ ಅವನಿಗೆ ಕಂಡದ್ದು ಗಟ್ಟಿಯಾದ, ತೆಳುವಾದ ಹಲಗೆ. ಮರದಲ್ಲಿಯೇ ಇದ್ದ ಲಿಗ್ನಿನ್ ಕಾವಿಗೆ ಕರಗಿ, ಹೊರಗಿನ ಅಂಟಿನ ನೆರವಿಲ್ಲದೆ ನಾರುಗಳನ್ನು ಬೆಸೆದಿತ್ತು. ಆಕಸ್ಮಿಕವನ್ನು ಆಕಸ್ಮಿಕವೆಂದು ಬಿಟ್ಟುಬಿಡದೆ, ಅದರ ಕಾರಣವನ್ನು ಹುಡುಕಿದುದರಲ್ಲಿ ಅವನ ಹಿರಿಮೆಯಿದೆ.

ಭಾರತದಲ್ಲಿಯೂ ಈ ದಾರಿಯಲ್ಲಿ ನಡೆದವರು ಇಲ್ಲದಿಲ್ಲ. ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ದುಡಿದ ಡಿ. ನಾರಾಯಣಮೂರ್ತಿಯವರು ಬಿದಿರಿನಂತಹ ಅಗ್ಗದ ವಸ್ತುಗಳಿಂದ ಹಲಗೆ ಮಾಡುವ ಬಗೆಯನ್ನೂ, ಸಸ್ಯಜನ್ಯ ಅಂಟುಗಳನ್ನೂ ಅಭ್ಯಸಿಸಿದರು. 1962ರಲ್ಲಿ ಬೆಂಗಳೂರಿನಲ್ಲಿ ಪ್ಲೈವುಡ್ ಉದ್ಯಮದ ಸಂಶೋಧನಾ ಸಂಸ್ಥೆ ಆರಂಭವಾಯಿತು. ಬಿದಿರಿನ ಚಾಪೆಗಳನ್ನು ಅಂಟಿನಲ್ಲಿ ಅದ್ದಿ, ಒಂದರ ಮೇಲೊಂದಿಟ್ಟು ಒತ್ತಿ ಗಟ್ಟಿ ಹಲಗೆ ಮಾಡುವ ವಿಧಾನವನ್ನು ಅಲ್ಲಿನ ವಿಜ್ಞಾನಿಗಳು ರೂಪಿಸಿದರು. ಇದರಿಂದ ಚಾಪೆ ಹೆಣೆಯುವ ಹಳ್ಳಿಯ ಹೆಂಗಸರ ಕೈಕಸುಬಿಗೆ ಹೊಸ ಬೇಡಿಕೆ ಹುಟ್ಟಿತು. 1988ರ ರಾಷ್ಟ್ರೀಯ ಅರಣ್ಯ ನೀತಿ ಮರಕ್ಕೆ ಬದಲಿ ವಸ್ತುಗಳನ್ನು ಪ್ರೋತ್ಸಾಹಿಸಿತು. 1996ರಲ್ಲಿ ಸರ್ವೋಚ್ಚ ನ್ಯಾಯಾಲಯ ಕಾಡಿನ ಮರ ಕಡಿಯುವುದಕ್ಕೆ ಕಟ್ಟುನಿಟ್ಟಾದ ಮಿತಿ ಹಾಕಿತು. ಅಂದಿನಿಂದ ಇಂತಹ ಸಂಶೋಧನೆ ಕುತೂಹಲದ ವಿಷಯವಾಗಿ ಉಳಿಯದೆ ಅನಿವಾರ್ಯವೇ ಆಯಿತು.

ಕಸವನ್ನು ಹಲಗೆ ಮಾಡಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಆ ಹಲಗೆ ಹಳೆಯದಾದ ಮೇಲೆ ಏನಾಗಬೇಕು ಎಂಬ ಪ್ರಶ್ನೆ ಇನ್ನೂ ಕಠಿಣವಾದುದು. ಹಳೆಯ ಕಾಗದವನ್ನು ನೀರಿನಲ್ಲಿ ನೆನೆಸಿ ಮತ್ತೆ ಕಾಗದ ಮಾಡಬಹುದು. ಆದರೆ ಪ್ರತಿ ಸಲವೂ ನಾರು ಕಿರಿದಾಗಿ ಬಲಗುಂದುತ್ತದೆ. ಹಲಗೆಯದು ಬೇರೆಯೇ ತೊಡಕು. ಅದರಲ್ಲಿ ಒಮ್ಮೆ ಗಟ್ಟಿಯಾದ ಕೃತಕ ಅಂಟು ಮತ್ತೆ ಕರಗುವುದಿಲ್ಲ. ಮರವನ್ನೂ ಅಂಟನ್ನೂ ಬಿಡಿಸುವುದು ಸುಲಭವಲ್ಲ. ಇಂತಹ ಹಲವು ಅಂಟುಗಳಿಂದ ಹೊರಬೀಳುವ ಫಾರ್ಮಾಲ್ಡಿಹೈಡ್ ಎಂಬ ಅನಿಲವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ಗುರುತಿಸಿತು. ಆದುದರಿಂದ ವಸ್ತುವನ್ನು ರೂಪಿಸುವಾಗಲೇ ಅದರ ಎರಡನೆಯ ಬಾಳನ್ನು ಯೋಚಿಸುವವನೇ ನಿಜವಾದ ವಿಜ್ಞಾನಿ. ಇಲ್ಲವಾದರೆ ಇಂದಿನ ಕಸವನ್ನು ನಾಳೆಯ ಕಸವಾಗಿ ಮಾರ್ಪಡಿಸಿದಂತಾಗುತ್ತದೆ, ಅಷ್ಟೆ.

ಇಲ್ಲಿ ಒಂದು ಆಕ್ಷೇಪಣೆಗೂ ಉತ್ತರ ಹೇಳಬೇಕು. ತೊಗರಿ ಕಟ್ಟಿಗೆಯನ್ನು ಕಾರ್ಖಾನೆಗೆ ಒಯ್ದರೆ ಬಡವರ ಒಲೆಗೆ ಗತಿಯೇನು? ಈ ಪ್ರಶ್ನೆ ನ್ಯಾಯವಾದುದು. ಕೂಲಿ ಮಾಡುವ ತಾಯಿ ಹೊತ್ತು ತಂದ ಹೊರೆಯಿಂದಲೇ ಸಂಜೆಯ ರೊಟ್ಟಿ ಬೇಯುವ ಮನೆಯಲ್ಲಿ ಅದನ್ನು ಕಸವೆಂದು ಕರೆಯುವುದು ಅವಿವೇಕ. ಮೊದಲು ಬಳಸಬೇಕಾದುದು ಹೊಲದಲ್ಲಿ ಸುಟ್ಟು ಹೋಗುವ ಪಾಲನ್ನು. ಆಯ್ದು ತಂದವರಿಗೆ ತಕ್ಕ ಬೆಲೆ ಸಿಗಬೇಕು. ಕಟ್ಟಿಗೆಯ ತೂಕ ಕಡಿಮೆ, ಗಾತ್ರ ಹೆಚ್ಚು. ದೂರ ಸಾಗಿಸಿದರೆ ಲಾಭವೆಲ್ಲ ಬಾಡಿಗೆಗೇ ಹೋಗುತ್ತದೆ. ಆದುದರಿಂದ ಚಿಕ್ಕ ಘಟಕಗಳು ಹೊಲದ ಸಮೀಪದಲ್ಲಿಯೇ ಇರುವುದು ಲೇಸು. ಪ್ರಯೋಗಶಾಲೆಯ ಲೆಕ್ಕದಲ್ಲಿ ಬಡವರ ಒಲೆಯನ್ನೂ ಸೇರಿಸಿಕೊಂಡಾಗಲೇ ಆ ಲೆಕ್ಕ ಪೂರ್ಣವಾಗುತ್ತದೆ.

ಈ ವೃತ್ತಿಯಲ್ಲಿ ಥಟ್ಟನೆ ಕೀರ್ತಿ ಬರುವುದಿಲ್ಲ. ಹಲಗೆಯನ್ನು ನೀರಿನಲ್ಲಿ ನೆನೆಸಿ ಎಷ್ಟು ಉಬ್ಬಿತೆಂದು ಅಳೆಯಬೇಕು. ಭಾರ ಹೇರಿ ಎಲ್ಲಿ ಮುರಿಯಿತೆಂದು ನೋಡಬೇಕು. ಗೆದ್ದಲಿಗೆ ಒಡ್ಡಿ ತಿಂಗಳುಗಟ್ಟಲೆ ಕಾಯಬೇಕು. ಹತ್ತು ಸಲ ಸೋತು ಹನ್ನೊಂದನೆಯ ಸಲ ಅಂಟಿನ ಪ್ರಮಾಣವನ್ನು ತುಸು ಬದಲಿಸಬೇಕು. ಇದಕ್ಕೆ ಬೇಕಾದುದು ರಸಾಯನಶಾಸ್ತ್ರದ ಜ್ಞಾನ, ಕೈಗಳ ಶ್ರದ್ಧೆ ಮತ್ತು ಕಣ್ಣೆದುರಿನ ವಸ್ತುವನ್ನು ತಾತ್ಸಾರ ಮಾಡದ ಮನಸ್ಸು.

ಕಲಬುರಗಿಯಲ್ಲಿ 1980ರಿಂದ ವಿಶ್ವವಿದ್ಯಾನಿಲಯವಿದೆ. ಊರ ಸುತ್ತ ತೊಗರಿಯ ಹೊಲಗಳಿವೆ. ಇವೆರಡರ ನಡುವಣ ದೂರ ಕೆಲವೇ ಮೈಲಿ. ಆ ದೂರವನ್ನು ನಡೆಯುವ ವಿದ್ಯಾರ್ಥಿ ಕುಸನೂರಿನಂತಹ ಊರಿನಿಂದಲೇ ಬರಬೇಕು. ಕಾಡನ್ನು ಕಾಣದೆ ಬೆಳೆದ ಮಗುವಿಗೆ ಮರದ ಬೆಲೆ ಚೆನ್ನಾಗಿ ತಿಳಿದಿರುತ್ತದೆ. ಬಾಲ್ಯದಲ್ಲಿ ತಾಯಿಯ ಹಿಂದೆ ಕಟ್ಟಿಗೆಯ ಹೊರೆ ಹೊತ್ತು ಬಂದವರಿಗೆ ಅದರ ಬಲವೂ ಭಾರವೂ ಗೊತ್ತು. ದೂರದ ಕಾಡೊಂದು ಕೊಡಲಿಯಿಂದ ಉಳಿಯುವುದಾದರೆ, ಅದಕ್ಕೆ ಈ ಬಯಲುಸೀಮೆಯ ಒಣ ಕಡ್ಡಿಯೂ ಕಾರಣವಾಗಬಲ್ಲದು.